ಗಾಜಿನ ಸಾಮಾನು ಅಂತ ಬರೆದಿದ್ದೆ...

ಮೊನ್ನೆ ಕೊರಿಯರ್ ಆಫೀಸಲ್ಲಿ "ಒಳಗೇನಿದೆ ಸಾರ್?" ಅಂತ ಹುಡುಗ ಕೇಳಿದ. "ಪುಸ್ತಕ" ಅಂದೆ. ಬರ್ಕೊಂಡ, ಸೀಲು ಒತ್ತಿದ, ಮುಗೀತು. ನನ್ನ ಮಾತು ನಂಬಿದ, ಅಷ್ಟೇ. ಆಗ ನೆನಪಾಗಿದ್ದು ಆ ಬ್ಯಾರೋಮೀಟರ್.

೧೯೯೯ರ ಮಾತು. ಬೆಂಗಳೂರಿನಲ್ಲಿ ಲ್ಯಾಬ್ ಉಪಕರಣ ರಿಪೇರಿ ಮಾಡುವ ಪುಟ್ಟ ಅಂಗಡೀಲಿ ಕೆಲಸಕ್ಕಿದ್ದೆ. ಉತ್ತರ ಭಾರತದ ಕಾಲೇಜೊಂದರ ಫಾರ್ಟಿನ್ ಬ್ಯಾರೋಮೀಟರ್ ನಮ್ಮಲ್ಲಿಗೆ ಬಂದಿತ್ತು. ರಿಪೇರಿ ಮುಗಿಸಿ ಗೋಡೆಗೆ ನೇತುಹಾಕಿದ್ವಿ. ಪಠ್ಯಪುಸ್ತಕದ ೭೬ ಸೆಂಟಿಮೀಟರ್ ಇಲ್ಲಿ ಸಿಗೋಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ೯೦೦ ಮೀಟರಿನಷ್ಟು ಮೇಲಿದೆಯಲ್ಲ. ೬೮ರ ಆಸುಪಾಸಿಗೆ ನಿಂತಿತು. ಸರಿ ಇದೆ!

ಇದನ್ನ ಪ್ಯಾಕ್ ಮಾಡೋದೇ ಒಂದು ವಿದ್ಯೆ. ಬುಡದ ತಿರುಪು ತಿರುಗಿಸಿದರೆ ಚರ್ಮದ ಚೀಲ ಮೇಲೆದ್ದು, ಪಾದರಸ ಕೊಳವೆಯ ತುದಿವರೆಗೂ ತುಂಬುತ್ತೆ. ಖಾಲಿ ಜಾಗ ಉಳಿದರೆ ಅಲುಗಿದಾಗಲೆಲ್ಲ ಸುತ್ತಿಗೆಯ ಹಾಗೆ ಗಾಜಿಗೆ ಬಡಿಯುತ್ತೆ. ನೀರಿಗಿಂತ ಹದಿಮೂರೂವರೆ ಪಟ್ಟು ಭಾರ ಅಲ್ವಾ. ಆಮೇಲೆ ಮೆಲ್ಲಗೆ ತಲೆಕೆಳಗು ಮಾಡಬೇಕು. ಪ್ರಯಾಣವೆಲ್ಲ ತಲೆಕೆಳಗೇ.

ಕಾಲೇಜಿನವರಿಗೆ ಅರ್ಜೆಂಟು. ಯಜಮಾನರು "ವಿಮಾನದಲ್ಲಿ ಕಳಿಸಯ್ಯ, ಗಾಜಿನ ಸಾಮಾನು ಅಂತ ಬರಿ, ಸುಮ್ನೆ ತಕರಾರು ಬೇಡ" ಅಂದ್ರು. ಬರೆದೆ. ಸಹಿಯನ್ನೂ ಹಾಕಿದೆ.

ಪಕ್ಕದಲ್ಲಿದ್ದ ಹಿರಿಯ ಮೆಕ್ಯಾನಿಕ್, ನಾವೆಲ್ಲ ಅಣ್ಣ ಅಂತಿದ್ವಿ, ಏನೂ ಹೇಳಲಿಲ್ಲ. ಹಳೇ ಅಲ್ಯೂಮಿನಿಯಂ ಮುಚ್ಚಳ ತಂದು, ಚಾಕುವಿಂದ ಕೆರೆದು, ಗೀರಿನ ಮೇಲೆ ಒಂದು ಹನಿ ಪಾದರಸ ಬಿಟ್ಟು ಉಜ್ಜಿದರು. "ಟೀ ಕುಡ್ದು ಬಾ ಹೋಗು." ಬಂದು ನೋಡಿದರೆ ಗೀರಿನಿಂದ ಬಿಳಿ ಎಳೆಗಳು ಬೂಷ್ಟಿನ ಹಾಗೆ ಎದ್ದು ನಿಂತಿದ್ವು! ಕಡ್ಡಿ ತಾಗಿಸಿದರೆ ಉದುರಿ ಪುಡಿ.

"ವಿಮಾನದ ಮೈ ಯಾವುದರದ್ದೋ?" ಅಂದ್ರು.

ಅಲ್ಯೂಮಿನಿಯಂಗೆ ಅದರ ಮೇಲಿನ ಆಕ್ಸೈಡಿನ ತೆಳು ಪದರವೇ ರಕ್ಷೆ. ಪಾದರಸ ಸೇರಿಕೊಂಡ ಕಡೆ ಆ ಪದರ ಮತ್ತೆ ಗಟ್ಟಿಯಾಗಿ ಕೂರೋಲ್ಲ. ಲೋಹ ಸವೆಯುತ್ತಾ ಹೋಗುತ್ತೆ, ಪಾದರಸ ಮಾತ್ರ ಖರ್ಚಾಗದೆ ಮುಂದಿನ ಜಾಗ ಹುಡುಕುತ್ತೆ. ಅದಕ್ಕೇ ಸಾಗಾಣಿಕೆಯ ನಿಯಮಗಳಲ್ಲಿ ಇದು ಆಸಿಡ್‌ಗಳ ಜೊತೆ ೮ನೇ ವರ್ಗದಲ್ಲಿದೆ. ಪಾದರಸದ ಯುಎನ್ ಸಂಖ್ಯೆ ೨೮೦೯. ಉಪಕರಣದೊಳಗಿದ್ದರೆ ಈಗ ೩೫೦೬. ಪ್ರಯಾಣಿಕರು ಕೈಲಿ ಹಿಡ್ಕೊಂಡು ಹತ್ತೋ ಹಾಗೂ ಇಲ್ಲ. ಸರ್ಕಾರಿ ಹವಾಮಾನ ಇಲಾಖೆಯ ಪ್ರತಿನಿಧಿಗೆ ಮಾತ್ರ ಅವಕಾಶ, ಅದೂ ವಿಮಾನದವರು ಒಪ್ಪಿದರೆ.

ಫಾರಂ ಹರಿದೆ. ಯಜಮಾನರು ಚೆನ್ನಾಗಿ ಬೈದ್ರು. ಕೊನೆಗೆ ಪಾದರಸ ಅಂತಲೇ ಬರೆದು, ಸೋರದ ಚೀಲದಲ್ಲಿ ಸೀಲು ಮಾಡಿ, ಅಪಾಯಕಾರಿ ಸರಕು ಕಳಿಸೋ ತರಬೇತಿ ಇದ್ದ ಏಜೆಂಟರ ಮೂಲಕ ಕಳಿಸಿದ್ದಾಯ್ತು. ಖರ್ಚು ರಿಪೇರಿ ಬಿಲ್ಲನ್ನೂ ಮೀರಿತು. ಒಂದಿಷ್ಟು ನನ್ನ ಸಂಬಳದಲ್ಲಿ ಕಟ್!

೨೦೧೩ರ ಮಿನಮಾಟಾ ಒಪ್ಪಂದ ಇಂಥ ಉಪಕರಣಗಳ ತಯಾರಿಕೆ ನಿಲ್ಲಿಸೋಕೆ ೨೦೨೦ರ ಗಡುವು ಇಟ್ಟಿತು. ೨೦೧೮ರಲ್ಲಿ ಭಾರತವೂ ಸೇರಿತು. ಆದರೆ ಹಳೇವು ಇನ್ನೂ ಲ್ಯಾಬ್ ಗೋಡೆಗಳ ಮೇಲಿವೆ. ಒಂದಲ್ಲ ಒಂದು ದಿನ ಅವನ್ನ ಯಾರೋ ಇಳಿಸಿ ಎಲ್ಲಿಗೋ ಕಳಿಸ್ತಾರೆ. ಪೆಟ್ಟಿಗೆ ಎತ್ತೋ ಹಮಾಲಿಗೆ ಒಳಗೇನಿದೆ ಅಂತ ಗೊತ್ತಾಗೋದು ಮೇಲೆ ಬರೆದಿದ್ದರೆ ಮಾತ್ರ. ಅವತ್ತು ನಾನು ಅದನ್ನೇ ಬರೆಯದೆ ಸಹಿ ಹಾಕಿದ್ದೆ.