ಮನೆಬಾಗಿಲಿಗೆ ಬಂದ ಮದ್ದು

‘ಆರೋಗ್ಯವೇ ಭಾಗ್ಯ’ ಎಂಬ ಮಾತನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ಓದಿಸಿದ ಉಪಾಧ್ಯಾಯರಲ್ಲಿ ನಾವೂ ಒಬ್ಬರು. ಆದರೆ ಆ ಮಾತಿನ ನಿಜವಾದ ಅರ್ಥವು ನಮಗೆ ತಿಳಿದದ್ದು ಶಾಲೆಯಲ್ಲಲ್ಲ. ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಒಂದು ಸಾಸಿವೆಯ ಡಬ್ಬಿಯ ಮುಂದೆ.

2021ನೆಯ ಇಸವಿಯ ಆಗಸ್ಟ್ 5ರಂದು ತಮಿಳುನಾಡು ಸರ್ಕಾರವು ‘ಮಕ್ಕಳೈ ತೇಡಿ ಮರುತ್ತುವಂ’ ಎಂಬ ಯೋಜನೆಯನ್ನು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿಯೇ ಆರಂಭಿಸಿತು. ರಕ್ತದ ಒತ್ತಡ, ಸಕ್ಕರೆ ಕಾಯಿಲೆಗಳುಳ್ಳವರ ಮನೆಗೆ ಕಾರ್ಯಕರ್ತೆಯರೇ ಬಂದು ಪರೀಕ್ಷಿಸಿ, ಮಾತ್ರೆಗಳನ್ನು ಕೊಟ್ಟುಹೋಗುವ ಏರ್ಪಾಡು ಅದು. ಬಸ್ಸಿಗೆ ಕಾದು, ಒಂದು ದಿನದ ಕೂಲಿಯನ್ನು ಕಳೆದುಕೊಂಡು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಾಗಿದ್ದ ನಮ್ಮ ಹಳ್ಳಿಗರಿಗೆ ಇದು ಸಣ್ಣ ಉಪಕಾರವಲ್ಲ.

ನಮ್ಮ ತಾಯಿಯವರ ತೋಳಿಗೂ ಪಟ್ಟಿ ಕಟ್ಟಿ ನೋಡಿದರು, ಒತ್ತಡ ಹೆಚ್ಚಾಗಿತ್ತು. ವೈದ್ಯರು ಬರೆದ ಮಾತ್ರೆಗಳು ಮನೆಗೇ ಬರತೊಡಗಿದವು. ಬಂದ ಹೆಣ್ಣುಮಗಳು ತಮಿಳಿನಲ್ಲಿ ಅಕ್ಕರೆಯಿಂದಲೇ ವಿವರಿಸಿದಳು. ಅಮ್ಮನೂ ಅಷ್ಟೇ ಅಕ್ಕರೆಯಿಂದ ತಲೆಯಾಡಿಸಿದರು. ನಾವು ಪಕ್ಕದಲ್ಲಿಯೇ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆವು.

ಕೆಲವು ವಾರಗಳ ತರುವಾಯ ಒಗ್ಗರಣೆಗೆಂದು ಡಬ್ಬಿಯನ್ನು ತೆರೆದರೆ, ಸಾಸಿವೆಯ ಮೇಲೆ ಮಾತ್ರೆಯ ಪಟ್ಟಿಗಳು! ಒಂದನ್ನೂ ಮುಟ್ಟಿರಲಿಲ್ಲ.

“ಇದೇನಮ್ಮಾ?” ಎಂದೆವು.

“ಮಕ್ಕಳ ಮದ್ದಂತಲ್ಲಪ್ಪ! ನನಗೆ ತಲೆನೋವೂ ಇಲ್ಲ, ಮೈನೋವೂ ಇಲ್ಲ. ಮೊಮ್ಮಕ್ಕಳಿಗೆ ಜ್ವರ ಬಂದಾಗ ಬೇಕಾದೀತೆಂದು ಎತ್ತಿಟ್ಟೆ.”

ನಮ್ಮ ಎದೆ ಝಲ್ಲೆಂದಿತು. ತಮಿಳಿನಲ್ಲಿ ‘ಮಕ್ಕಳ್’ ಎಂದರೆ ಜನರು. ಕನ್ನಡದ ಕಿವಿಗೆ ಅದು ಎಳೆಯ ಮಕ್ಕಳು. ಒಡಹುಟ್ಟಿದ ಎರಡು ಭಾಷೆಗಳ ನಡುವಣ ಈ ಸಣ್ಣ ಅಂತರದಲ್ಲಿ ನಮ್ಮ ತಾಯಿಯವರೂ ಮೊಮ್ಮಕ್ಕಳೂ ಕಾಲು ಜಾರಲಿದ್ದರು. ದೊಡ್ಡವರ ಒತ್ತಡವನ್ನು ಇಳಿಸುವ ಮಾತ್ರೆ ಮಗುವಿನ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಸಂಚಕಾರ.

ಅಂದು ಅಮ್ಮನ ಬಳಿ ಕುಳಿತು ಹೇಳಿದೆವು: “ತೋಟದ ಕೊಳವೆಯಲ್ಲಿ ನೀರು ತೀರ ಬಿರುಸಾದರೆ ಹೊರಗೆ ಏನೂ ಕಾಣುವುದಿಲ್ಲ; ಒಂದು ದಿನ ಥಟ್ಟನೆ ಒಡೆಯುತ್ತದೆ. ಈ ಕಾಯಿಲೆಯೂ ಹಾಗೆಯೇ. ನೋವು ಕಾಣದೆಯೇ ಒಂದು ದಿನ ಪಾರ್ಶ್ವವಾಯು ಹೊಡೆಯಬಹುದು.”

ತೋಟದಲ್ಲಿಯೇ ಬಾಳು ಸವೆಸಿದ ಅವರಿಗೆ ಅದು ಕೂಡಲೇ ತಿಳಿಯಿತು. “ಊರ ಮಕ್ಕಳಿಗೆಲ್ಲ ಪಾಠ ಹೇಳುತ್ತೀಯೆ. ಇದನ್ನು ನನಗೆ ಮೊದಲೇ ಹೇಳಬಾರದಿತ್ತೇನಪ್ಪ?” ಎಂದರು. ಸರ್ಕಾರದ ಮೇಲೆ ಹೊರಿಸಬೇಕೆಂದಿದ್ದ ದೂರು ನಮ್ಮ ಬಾಯಲ್ಲಿಯೇ ಉಳಿಯಿತು.

ಮರುದಿನ ಎಂಟನೆಯ ತರಗತಿಯ ಮಕ್ಕಳಿಂದ ಕನ್ನಡದ ಚೀಟಿಗಳನ್ನು ಬರೆಸಿದೆವು: ಇದು ದೊಡ್ಡವರ ಮಾತ್ರೆ, ಮಕ್ಕಳಿಗೆ ಕೊಡಬಾರದು, ನೋವಿಲ್ಲವೆಂದು ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು, ಉಪ್ಪಿನಕಾಯಿ ಹಪ್ಪಳಗಳದ್ದೂ ಸೇರಿ ದಿನಕ್ಕೆ ಉಪ್ಪು 5 ಗ್ರಾಮಿಗಿಂತ, ಎಂದರೆ ಒಂದು ಚಹಾ ಚಮಚಕ್ಕಿಂತ, ಕಡಿಮೆಯಿರಬೇಕು. ಆ ಹೆಣ್ಣುಮಗಳು ಚೀಟಿಗಳನ್ನು ಸಂತೋಷದಿಂದ ಕೊಂಡೊಯ್ದಳು, ‘ಮಾತ್ರೆ ತೆಗೆದುಕೊಂಡಿರಾ?’ ಎಂದು ಕನ್ನಡದಲ್ಲಿ ಕೇಳುವುದನ್ನೂ ನಮ್ಮ ಹುಡುಗಿಯರಿಂದ ಕಲಿತಳು.

ಮದ್ದನ್ನು ಹೊಸ್ತಿಲವರೆಗೆ ತರುವುದು ಸರ್ಕಾರದಿಂದ ಆದೀತು. ಹೊಸ್ತಿಲನ್ನು ದಾಟಿಸಲು ಮನೆಯ ಮಾತೇ ಬೇಕು. ಆ ಮಾತನ್ನು ಬಲ್ಲ ನಾವು, ಉಪಾಧ್ಯಾಯರೂ ವಿದ್ಯಾರ್ಥಿಗಳೂ, ಸುಮ್ಮನೆ ಪಕ್ಕದಲ್ಲಿ ಕುಳಿತಿರಬಾರದು.