ಒಂದೇ ಹೆಸರು, ಹಲವು ಗಾಡಿ

ಇಂಗ್ಲಿಷಿನ ‘ಸ್ಕೂಟ್’ ಎಂಬ ಕ್ರಿಯಾಪದಕ್ಕೆ ಸರ್ರನೆ ಓಡಿಹೋಗು ಎಂದರ್ಥ. ಹಾಗೆ ಓಡುವ ಬಗೆಬಗೆಯ ಗಾಡಿಗಳಿಗೆಲ್ಲ ಸ್ಕೂಟರ್ ಎಂಬ ಹೆಸರು ಅಂಟಿಕೊಂಡಿದೆ. ನನ್ನ ಆರು ವರ್ಷದ ಮೊಮ್ಮಗನನ್ನು ಕೇಳಿದರೆ, ಹಲಗೆಯ ಮೇಲೆ ಒಂದು ಕಾಲಿಟ್ಟು ಇನ್ನೊಂದರಿಂದ ನೆಲ ಒದ್ದು ಓಡಿಸುವ ಆಟಿಕೆಯನ್ನು ತೋರಿಸುತ್ತಾನೆ. ದೆಹಲಿಯ ಹಳಬರ ಬಾಯಲ್ಲಿ ಆಟೊರಿಕ್ಷಾ ಕೂಡ ಸ್ಕೂಟರೇ. ‘ಸ್ಟೇಷನ್ನಿನಿಂದ ಸ್ಕೂಟರಿನಲ್ಲಿ ಬಂದುಬಿಡಿ’ ಎಂದು ಅಲ್ಲಿನ ನೆಂಟರು ಬರೆದಿದ್ದಾಗ, ‘ಮೂರು ಜನ, ಎರಡು ಟ್ರಂಕು, ಒಂದು ಸ್ಕೂಟರೇ?’ ಎಂದು ನಮ್ಮವಳು ಹುಬ್ಬೇರಿಸಿದ್ದಳು.

ಇಟಲಿಯ ಪಿಯಾಜಿಯೊ ಕಂಪನಿ 1946ರಲ್ಲಿ ಹೊರತಂದ ಸ್ಕೂಟರಿಗೆ ‘ವೆಸ್ಪಾ’ ಎಂದು ಹೆಸರಿಟ್ಟಿತು. ಹಾಗೆಂದರೆ ಕಣಜದ ಹುಳು. ಸಣ್ಣ ಸೊಂಟ, ದಪ್ಪ ಹಿಂಭಾಗ, ಗುಂಯ್‌ಗುಡುವ ಸದ್ದು, ಹೆಸರು ಒಪ್ಪುವಂಥದ್ದೇ. ಆ ಹುಳು ನಮ್ಮಲ್ಲಿಗೆ ಬಂದು 1972ರಲ್ಲಿ ಕುದುರೆಯಾಯಿತು! ಅದೇ ಅಚ್ಚಿನ ತಮ್ಮ ಗಾಡಿಗೆ ಬಜಾಜ್‌ನವರು ಇಟ್ಟದ್ದು ರಾಣಾ ಪ್ರತಾಪನ ಕುದುರೆ ಚೇತಕ್‌ನ ಹೆಸರು.

ಆಗ ಸ್ಕೂಟರ್ ಎಂದರೆ ಕಾಯುವುದು ಎಂದೇ ಅರ್ಥ. ವರ್ಷಕ್ಕೆ ಎಷ್ಟು ಗಾಡಿ ತಯಾರಾಗಬೇಕೆಂದು ಸರಕಾರದ ಲೈಸೆನ್ಸು ಗೊತ್ತುಮಾಡುತ್ತಿತ್ತು. ಕೈಯಲ್ಲಿ ದುಡ್ಡಿದ್ದರೂ ಬುಕ್ ಮಾಡಿ ವರ್ಷಗಟ್ಟಲೆ ಕೂರಬೇಕು. ನನ್ನದು ಬರಲು ಆರು ವರ್ಷ ಹಿಡಿಯಿತು. ಬಂದ ಮೇಲೆ ಇಡೀ ಸಂಸಾರ ಅದರ ಮೇಲೇ: ಮಗ ಮುಂದೆ ನಿಂತು, ಮಗಳು ನಡುವೆ, ನಮ್ಮವಳು ಹಿಂದೆ ಒಂದು ಪಕ್ಕಕ್ಕೆ ತಿರುಗಿ. ಬೆಳಿಗ್ಗೆ ಮೊಂಡು ಹಿಡಿದರೆ ಪಕ್ಕಕ್ಕೆ ವಾಲಿಸಿ, ಚೋಕ್ ಎಳೆದು, ಕಿಕ್ ಹೊಡೆಯಬೇಕು.

ಈಗ ಪಿಯುಸಿ ಓದುವ ಮೊಮ್ಮಗಳು ಬ್ಯಾಟರಿ ಸ್ಕೂಟರ್ ಬೇಕೆನ್ನುತ್ತಾಳೆ. ಅವಳ ಪಾಲಿಗೆ ಅದು ಆಟಿಕೆಯಲ್ಲ, ಪ್ರತಿಷ್ಠೆಯೂ ಅಲ್ಲ. ಸಂಜೆ ಟ್ಯೂಷನ್ ಮುಗಿದ ಮೇಲೆ ಕತ್ತಲಲ್ಲಿ ಬಸ್ಸಿಗೆ ಕಾಯಬೇಕಾಗಿಲ್ಲ ಎಂಬ ಧೈರ್ಯ. ಇದನ್ನು ಹಟ ಎಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಆದರೆ ಅವಳು ಕೇಳುವಂಥ ವೇಗದ ಗಾಡಿಗೆ ಲೈಸೆನ್ಸು ಬೇಕು, ಆ ಲೈಸೆನ್ಸಿಗೆ 18 ತುಂಬಬೇಕು. 2019ರ ತಿದ್ದುಪಡಿಯ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಹೆತ್ತವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ದಂಡವನ್ನಾದರೂ ಕಟ್ಟಬಹುದು, ಬಿದ್ದ ಮಗುವಿನ ತಲೆಗೆ ಬೆಲೆ ಕಟ್ಟುವವರು ಯಾರು?

ಮನೆಯಲ್ಲಿ ಮಾತಾಡಿಕೊಂಡೆವು. ಹುಟ್ಟುಹಬ್ಬಕ್ಕೆ ಇನ್ನೆಂಟು ತಿಂಗಳಿದೆ. ಅಲ್ಲಿಯವರೆಗೆ ಟ್ಯೂಷನ್ನಿನಿಂದ ಕರೆತರುವ ಕೆಲಸ ಅವಳ ಅಪ್ಪನದು. ಆಮೇಲೆ ಲೈಸೆನ್ಸು, ಹೆಲ್ಮೆಟ್ಟು, ಕೊನೆಗೆ ಗಾಡಿ.

‘ಎಂಟು ತಿಂಗಳೇ ತಾತ?’ ಎಂದಳು.

‘ನಾನು ಆರು ವರ್ಷ ಕಾದಿದ್ದೆ ಮಗೂ’ ಎಂದೆ. ಸ್ವಲ್ಪ ಯೋಚಿಸಿ, ಹೆಲ್ಮೆಟ್ಟಿನ ಬಣ್ಣ ಯಾವುದಿರಲಿ ಎಂದು ಕೇಳಿದಳು.