ಅಪ್ಪ ಬೋರ್ಡಿನ ಮೇಲೆ ಬರೆದ 'ಯು'

ನನ್ನ ಮೇಜಿನ ಮೇಲೆ ಒಂದು ಕಲ್ಲಿದೆ. ಅಂಗೈಯಗಲ, ಕಪ್ಪು ಬಣ್ಣ, ಹೆಚ್ಚುಕಡಿಮೆ ನಾವು ಚಿಕ್ಕಂದಿನಲ್ಲಿ ಬರೆಯುತ್ತಿದ್ದ ಸ್ಲೇಟಿನ ಹಾಗೆ. ಮೇಲೆ ಒಂದೇ ದಿಕ್ಕಿಗೆ ಎಳೆದ ಐದಾರು ಗೀರುಗಳು. ಮನೆಗೆ ಬಂದವರು "ಇದೇನ್ರೀ, ಸಾಲಿಗ್ರಾಮವಾ?" ಅಂತ ಕೇಳುತ್ತಾರೆ. ಕೆಲಸಕ್ಕೆ ಬರುವಾಕೆ ಎರಡು ಸಲ ಎಸೆಯಲು ಹೊರಟಿದ್ದಳು. ಈ ಕಲ್ಲಿನ ಕಥೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ, ಇವತ್ತು ಬರೆದೇಬಿಡುತ್ತೇನೆ.

ಅಪ್ಪ ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದವರು. ಅದರಲ್ಲೂ ಭೂಗೋಳ ಅಂದರೆ ಪ್ರಾಣ. ಬೋರ್ಡಿನ ಮೇಲೆ ಇಂಗ್ಲಿಷಿನ 'ವಿ' ಬರೆದು "ಇದು ನದಿ ಕೊರೆದ ಕಣಿವೆ" ಅನ್ನೋರು. ಪಕ್ಕದಲ್ಲಿ 'ಯು' ಬರೆದು "ಇದು ಹಿಮನದಿ ಕೊರೆದ ಕಣಿವೆ" ಅನ್ನೋರು. ಪರೀಕ್ಷೆಯಲ್ಲಿ ಎರಡು ಮಾರ್ಕು ಗ್ಯಾರಂಟಿ. 'ವಿ' ತೋರಿಸೋದಕ್ಕೆ ಶಿರಾಡಿ ಘಾಟಿ ಹತ್ತಿರವೇ ಇತ್ತು. 'ಯು' ತೋರಿಸೋದಕ್ಕೆ ನಮ್ಮ ಕಡೆ ಏನಿದೆ ಹೇಳಿ? ಹಿಮ ಅಂದರೆ ನಮಗೆ ಗೊತ್ತಿದ್ದದ್ದು ಐಸ್‌ಕ್ಯಾಂಡಿ ಡಬ್ಬದ ಒಳಗೆ ಕಟ್ಟಿದ್ದು ಮಾತ್ರ. ಅಪ್ಪನೂ ನೋಡಿರಲಿಲ್ಲ. ನೋಡದೇ ಇದ್ದದ್ದನ್ನೇ ಮೂವತ್ತು ವರ್ಷ ಪಾಠ ಮಾಡಿದ್ದರು.

ನಾನು ದಿಲ್ಲಿಗೆ ಬಂದದ್ದು 1986ರಲ್ಲಿ. ಅಪ್ಪ ರಿಟೈರ್ ಆದಮೇಲೆ 1996ರ ಮೇ ತಿಂಗಳಲ್ಲಿ ಅಮ್ಮನ ಜೊತೆ ಬಂದರು. ಅಮ್ಮನಿಗೆ ಗಂಗೋತ್ರಿ ನೋಡಬೇಕು, ಅಪ್ಪನಿಗೆ ಗೋಮುಖ. ಉತ್ತರಕಾಶಿ ದಾಟಿ, ಧರಾಲಿಯಲ್ಲಿ ಚಹಾ ಕುಡಿದು ಗಂಗೋತ್ರಿ ಸೇರಿದೆವು. ಅಮ್ಮ, ನನ್ನ ಹೆಂಡತಿ ಅಲ್ಲೇ ಧರ್ಮಶಾಲೆಯಲ್ಲಿ ಉಳಿದರು. ಗೋಮುಖಕ್ಕೆ ಅಲ್ಲಿಂದ ಸುಮಾರು 18 ಕಿ.ಮೀ. ಕಾಲುದಾರಿ. ಅಪ್ಪ ಕುದುರೆ ಮೇಲೆ, ನಾನು ಏದುಸಿರು ಬಿಡುತ್ತಾ ಹಿಂದೆ. ರಾತ್ರಿ ಭೋಜ್‌ಬಾಸಾದ ಆಶ್ರಮದಲ್ಲಿ ಖಿಚಡಿ ತಿಂದು ಮಲಗಿ, ಬೆಳಿಗ್ಗೆ ಗೋಮುಖ ತಲುಪಿದರೆ ಅಪ್ಪನ ಮುಖ ಸಪ್ಪಗಾಯಿತು.

"ಎಲ್ಲೋ ಹಿಮನದಿ? ಇದು ಜಲ್ಲಿ ಕ್ವಾರಿ ಇದ್ದ ಹಾಗಿದೆಯಲ್ಲೋ!"

ನಿಜವೇ. ಗಂಗೋತ್ರಿ ಹಿಮನದಿ ಸುಮಾರು 30 ಕಿ.ಮೀ. ಉದ್ದ. ಚೌಖಂಬಾ ಶಿಖರದ ಬುಡದಿಂದ ಇಳಿದು ಬರುತ್ತದೆ. ಆದರೆ ಕೆಳಭಾಗದಲ್ಲಿ ಮೈತುಂಬ ಕಲ್ಲು, ಮಣ್ಣು, ದೂಳು. ಬೆಳ್ಳಗೆ ಹೊಳೆಯುತ್ತೆ ಅಂದುಕೊಂಡು ಹೋದವರಿಗೆ ನಿರಾಸೆಯೇ. ತುದಿಯಲ್ಲಿ ಮಾತ್ರ ಬೂದು, ನೀಲಿ ಬಣ್ಣದ ಮಂಜುಗಡ್ಡೆಯ ಗೋಡೆ, ಅದರ ಬುಡದಲ್ಲಿ ಗುಹೆ, ಗುಹೆಯಿಂದ ಭಾಗೀರಥಿ ಭೋರ್ಗರೆದು ಬರುತ್ತಿದ್ದಳು. ನೀರು ತಿಳಿಯಾಗೇನೂ ಇಲ್ಲ, ಅಕ್ಕಚ್ಚಿನ ಬಣ್ಣ.

ಅಪ್ಪ ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ ಒಂದು ಬಂಡೆಯ ಮೇಲೆ ಕೂತು ಶುರು ಮಾಡಿದರು ನೋಡಿ, ಮೂವತ್ತೈದರ ನನಗೆ ಮತ್ತೆ ಎಂಟನೇ ಕ್ಲಾಸು!

ಮೇಲೆ ಚಳಿಗಾಲದಲ್ಲಿ ಬಿದ್ದ ಹಿಮ ಬೇಸಿಗೆಯಲ್ಲಿ ಪೂರ್ತಿ ಕರಗಲ್ಲ. ಅದರ ಮೇಲೆ ಮರುವರ್ಷದ್ದು, ಅದರ ಮೇಲೆ ಅದರ ಮರುವರ್ಷದ್ದು. ಹೊಸ ಹಿಮ ಅಂದರೆ ಬಹುಪಾಲು ಗಾಳಿಯೇ. ಒಂದು ಲೀಟರ್ ಡಬ್ಬದಲ್ಲಿ ತುಂಬಿದರೆ ನೂರು ಗ್ರಾಂ ತೂಗಿದರೆ ಹೆಚ್ಚು. "ಹತ್ತಿ ಹಾಸಿಗೆ ಮೇಲೆ ಹಾಸಿಗೆ ಪೇರಿಸಿದರೆ ಅಡಿಯಲ್ಲಿರೋದು ಹಲಗೆ ಆಗಲ್ವೇನೋ, ಹಾಗೆ" ಅಂದರು ಅಪ್ಪ. ಅಡಿಯ ಹಿಮ ಮೊದಲು ಸಕ್ಕರೆಯಂಥ ಹರಳಾಗುತ್ತೆ, ಹರಳುಗಳು ಒತ್ತಿಕೊಂಡು ಗಾಳಿ ಹೊರಹೋಗಿ, ಉಳಿದದ್ದು ಗುಳ್ಳೆಗಳಾಗಿ ಸಿಕ್ಕಿಬಿದ್ದು, ಎಷ್ಟೋ ವರ್ಷಗಳ ಮೇಲೆ ಗಟ್ಟಿ ಮಂಜುಗಡ್ಡೆ. ಈಗ ಅದೇ ಒಂದು ಲೀಟರ್ ಜಾಗದಲ್ಲಿ ಒಂಬೈನೂರು ಗ್ರಾಂ. ಹಲವು ಹತ್ತು ಮೀಟರ್ ದಪ್ಪ ಆದಮೇಲೆ ತನ್ನ ಭಾರ ತನಗೇ ತಡೆಯದೆ ಬೆಲ್ಲದ ಪಾಕದ ಹಾಗೆ ನಿಧಾನವಾಗಿ ಇಳಿಜಾರಿಗೆ ಹರಿಯೋಕೆ ಶುರುವಾಗುತ್ತೆ. ಬುಡದಲ್ಲಿ ಕರಗಿದ ನೀರಿದ್ದರೆ ಜಾರುವುದೂ ಉಂಟು. 1827ರಲ್ಲಿ ಸ್ವಿಟ್ಜರ್ಲೆಂಡಿನ ಹೂಗಿ ಎಂಬಾತ ಹಿಮನದಿಯ ಮೇಲೆ ಒಂದು ಗುಡಿಸಲು ಕಟ್ಟಿದ್ದನಂತೆ. ಹದಿಮೂರು ವರ್ಷ ಬಿಟ್ಟು ನೋಡಿದರೆ ಗುಡಿಸಲು ಒಂದು ಕಿಲೋಮೀಟರಿಗಿಂತ ಹೆಚ್ಚು ಕೆಳಗೆ ಬಂದಿತ್ತು!

"ಮಂಜುಗಡ್ಡೆ ಬಂಡೆಯನ್ನ ಹೇಗೆ ಕೊರೆಯುತ್ತೆ?" ಅಂತ ಕೇಳಿದೆ. ಅಪ್ಪನಿಗೆ ಬೇಕಾಗಿದ್ದ ಪ್ರಶ್ನೆ ಅದೇ. ಕೊರೆಯೋದು ಬರೀ ಮಂಜುಗಡ್ಡೆ ಅಲ್ಲ, ಅದು ಕಿತ್ತು ಹೊಟ್ಟೆಯೊಳಗೆ ಕಚ್ಚಿ ಹಿಡಿದ ಕಲ್ಲುಗಳು. ಬಡಗಿಯ ಉಪ್ಪುಕಾಗದ ಇದ್ದ ಹಾಗೆ, ಮಂಜುಗಡ್ಡೆ ಕಾಗದ, ಕಲ್ಲು ಅದರ ಮೇಲಿನ ಮರಳು. ನದಿ ತಾನು ಹರಿಯುವ ಸಣ್ಣ ಜಾಗವನ್ನಷ್ಟೇ ಕೊರೆಯುತ್ತೆ, ಅದಕ್ಕೇ 'ವಿ'. ಹಿಮನದಿ ಕಣಿವೆಯ ತುಂಬ ಇರುತ್ತೆ, ತಳವನ್ನೂ ಎರಡು ಪಕ್ಕವನ್ನೂ ಒಟ್ಟಿಗೆ ಉಜ್ಜುತ್ತೆ, ಅದಕ್ಕೇ 'ಯು'. ಉಜ್ಜಿದ ಹಿಟ್ಟು ನೀರಿಗೆ ಸೇರಿದ್ದರಿಂದಲೇ ಆ ಅಕ್ಕಚ್ಚಿನ ಬಣ್ಣ. ಅಂಚಿಗೆ ತಳ್ಳಿ ಬಿಟ್ಟ ಕಲ್ಲುಮಣ್ಣಿನ ದಿಬ್ಬವೇ ಮೊರೇನು. ಎದುರಿಗೆ ಕಾಣುವ 6,543 ಮೀಟರಿನ ಶಿವಲಿಂಗ ಶಿಖರದ ಚೂಪೂ ಸುತ್ತಲಿಂದ ಹಿಮನದಿಗಳು ಕೆತ್ತಿದ್ದು.

ಹೊರಡುವಾಗ ಮೊರೇನಿನಲ್ಲಿ ಅಪ್ಪನಿಗೆ ಈ ಕಲ್ಲು ಸಿಕ್ಕಿತು. "ನೋಡೋ, ಬಳಪದಲ್ಲಿ ಗೀಚಿದ ಹಾಗಿದೆ" ಅಂತ ಮಗುವಿನ ಥರ ಖುಷಿಪಟ್ಟರು. ಮಂಜುಗಡ್ಡೆಯ ಗೋಡೆ ಬೆನ್ನಿಗೆ ಬರುವ ಹಾಗೆ ಅವರದೊಂದು ಫೋಟೋ ತೆಗೆದೆ. ಊರಿನಲ್ಲಿ ಆ ಕಲ್ಲು ಅವರ ಮೇಜಿನ ಮೇಲೆ ಹದಿನೈದು ವರ್ಷ ಇತ್ತು. 2011ರಲ್ಲಿ ಅಪ್ಪ ಹೋದರು, ಕಲ್ಲು ದಿಲ್ಲಿಗೆ ಬಂತು.

2019ರಲ್ಲಿ ಮಗಳು "ತಾತ ಹೋದ ಜಾಗ ತೋರಿಸು" ಅಂದಳು. ಈಗ ದಿನಕ್ಕೆ 150 ಜನರಿಗೆ ಮಾತ್ರ ಪರವಾನಗಿ. ಕಲ್ಲನ್ನು ಚೀಲದಲ್ಲಿಟ್ಟುಕೊಂಡೆ. ಎಲ್ಲಿಂದ ತಂದಿದ್ದರೋ ಅಲ್ಲೇ ಬಿಟ್ಟು ಬರೋಣ, ಅಪ್ಪನಿಗೂ ಸಮಾಧಾನವಾದೀತು ಅಂತ. ಅಲ್ಲಿ ಹೋಗಿ ಹಳೆ ಫೋಟೋ ಹಿಡಿದು ಹಿಂದಿನ ಶಿಖರಗಳನ್ನು ಹೊಂದಿಸುತ್ತಾ ನಿಂತೆವು. ಶಿಖರಗಳು ಹೊಂದಿದವು. ಅಪ್ಪನ ಬೆನ್ನ ಹಿಂದಿದ್ದ ಗೋಡೆ ಇರಲಿಲ್ಲ. ಆ ಜಾಗದಲ್ಲಿ ಬರೀ ಕಲ್ಲು, ನೀರು. ಮಂಜುಗಡ್ಡೆ ದೂರದಲ್ಲಿ, ಮೇಲೆ. ಕುಸಿಯುತ್ತಿರುತ್ತದೆ, ಹತ್ತಿರ ಬೇಡ ಅಂದ ಗೈಡ್. ಅವನು ಹಿಮನದಿಗೆ 'ಬಾಮಕ್' ಅನ್ನುತ್ತಿದ್ದ, ಅವರ ಗಢವಾಲಿ ಮಾತು.

"ಅದು ಕೆಳಕ್ಕೆ ಹರಿಯುತ್ತೆ ಅಂತೀಯ, ಮತ್ತೆ ಹಿಂದೆ ಹೇಗೆ ಹೋಗುತ್ತೆ?" ಮಗಳ ಪ್ರಶ್ನೆ. ಸಂಬಳದ ಲೆಕ್ಕ ಹೇಳಿದೆ. ಸಂಬಳ ಪ್ರತಿ ತಿಂಗಳೂ ಬರ್ತಾನೇ ಇರುತ್ತೆ, ಆದರೆ ಖರ್ಚು ಅದಕ್ಕಿಂತ ಹೆಚ್ಚಾದರೆ ಬ್ಯಾಲೆನ್ಸ್ ಇಳಿಯುತ್ತೆ ತಾನೇ? ಮೇಲಿಂದ ಬರುವ ಮಂಜುಗಡ್ಡೆಗಿಂತ ತುದಿಯಲ್ಲಿ ಕರಗೋದು ಹೆಚ್ಚಾಗಿದೆ. 1935ರಲ್ಲಿ ಜಿಯಾಲಾಜಿಕಲ್ ಸರ್ವೆಯ ಜೆ.ಬಿ. ಆಡೆನ್ ಇದರ ತುದಿಯನ್ನು ಅಳೆದು ನಕ್ಷೆ ಮಾಡಿದ್ದರು. ಆಗಿನಿಂದ ಅದು ಹಿಂದೆ ಸರಿಯುತ್ತಲೇ ಇದೆ. 1965ರಿಂದ 2006ರೊಳಗೆ ಸರಿದದ್ದು ಸುಮಾರು 800 ಮೀಟರ್, ವರ್ಷಕ್ಕೆ 20 ಮೀಟರಿನ ಲೆಕ್ಕ.

ಹಿಂದೆಯೂ ಕರಗಿದ್ದುಂಟು. ಹಿಮಯುಗದಲ್ಲಿ ಇದೇ ಹಿಮನದಿ ಸುಮಾರು 40 ಕಿ.ಮೀ. ಕೆಳಗೆ, ಹರ್ಸಿಲ್ ಆಚೆಯ ಝಾಲಾದವರೆಗೆ ಬಂದಿತ್ತು. ಅದು ಹಿಂದೆ ಸರಿದದ್ದು ಸಾವಿರಾರು ವರ್ಷಗಳ ಲೆಕ್ಕದಲ್ಲಿ. ಇದು ತಾತನ ಫೋಟೋಗೂ ಮೊಮ್ಮಗಳ ಫೋಟೋಗೂ ನಡುವೆ ಆದದ್ದು. ಅದರಲ್ಲಿ ನಮ್ಮ ಹೊಗೆಯ ಪಾಲೂ ಇದೆ.

ಕಲ್ಲನ್ನು ಬಿಟ್ಟು ಬರಲಿಲ್ಲ. ಎಲ್ಲಿ ಅಂತ ಬಿಡಲಿ? ವಾಪಸ್ ತಂದೆ.

ಹಿಮನದಿ ಹಿಂದೆ ಹೋದರೂ ಅದು ಪೇರಿಸಿಟ್ಟ ಕಲ್ಲುಮಣ್ಣು ಅಲ್ಲೇ ಇರುತ್ತದೆ, ಸಡಿಲವಾಗಿ. 2013ರ ಜೂನ್‌ನಲ್ಲಿ ಕೇದಾರನಾಥದ ಮೇಲೆ ಮೊರೇನಿನ ಕಟ್ಟೆ ಒಡೆದು ಚೋರಾಬಾರಿ ಸರೋವರ ನುಗ್ಗಿದ್ದು ನೆನಪಿರಬೇಕು. 2025ರ ಆಗಸ್ಟ್ 5ರಂದು ಖೀರ್ ಗಂಗಾ ಹಳ್ಳ ಬೆಟ್ಟದಿಂದ ಕಲ್ಲುಮಣ್ಣು ಹೊತ್ತು ತಂದು ಧರಾಲಿಯನ್ನು ಹೂತುಹಾಕಿತು. ಟಿವಿಯಲ್ಲಿ ನೋಡುತ್ತಾ ನಾವು ಚಹಾ ಕುಡಿದ ಅಂಗಡಿ ಹುಡುಕುತ್ತಿದ್ದೆ. ಗುರುತು ಸಿಗಲಿಲ್ಲ.

ದಿಲ್ಲಿಯ ಸೋನಿಯಾ ವಿಹಾರದ ಪ್ಲಾಂಟಿಗೆ ಬರುವುದು ಕಾಲುವೆಯಲ್ಲಿ ಹರಿದು ಬಂದ ಗಂಗೆಯ ನೀರು. ಅದರಲ್ಲಿ ಮಳೆ ನೀರಿನ ಪಾಲೇ ದೊಡ್ಡದು, ಆದರೆ ಮೇ, ಜೂನ್‌ನಲ್ಲಿ ಮಳೆ ಬರುವ ಮುಂಚೆ ಕೈಹಿಡಿಯುವುದು ಮೇಲೆ ಕರಗಿದ ಹಿಮ. ಹಾಸನದಿಂದ ಬಂದು ನಲವತ್ತು ವರ್ಷ ಆ ನೀರು ಕುಡಿದವನು ನಾನು, ಅದರ ಲೆಕ್ಕ ಕೇಳಿದ್ದು ಅಪ್ಪ ಬಂದ ಮೇಲೇ.

ಕೆಲಸಕ್ಕೆ ಬರುವಾಕೆಗೆ ಈಗ ಬಿಡಿಸಿ ಹೇಳಿದ್ದೇನೆ. ಅದನ್ನ ಎಸೀಬೇಡಮ್ಮಾ, ಅದು ನಮ್ಮ ಮೇಷ್ಟ್ರ ಸ್ಲೇಟು ಅಂತ.